ಒಂದೇ ಪುಸ್ತಕದಲ್ಲಿ ಮಗಳ ಅಳತೆ, ಅಮ್ಮನ ಅಳತೆ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಇದೆ. ಅದರ ಮುಂದಿನ ಪುಟಗಳಲ್ಲಿ ಮಗಳು ಹುಟ್ಟಿದ ದಿನದಿಂದ ಇಂದಿನವರೆಗಿನ ತೂಕ, ಎತ್ತರ ಮತ್ತು ತಲೆಯ ಸುತ್ತಳತೆಗಳಿವೆ. ಹಿಂದಿನ ರಟ್ಟಿನ ಕಡೆಯಿಂದ ತೆರೆದರೆ ಕಳೆದ ನಾಲ್ಕು ವರ್ಷಗಳಲ್ಲಿ ತೆಗೆದ ಅಮ್ಮನ ಅಳತೆಗಳಿವೆ. ಹೀಗೆ ಎರಡು ಕಡೆಯಿಂದ ಬರೆಯಬೇಕೆಂಬ ಯೋಜನೆಯೇನೂ ಇರಲಿಲ್ಲ, ಆಗ ಕೈಗೆ ಸಿಕ್ಕಿದ್ದು ಅದೇ ಪುಸ್ತಕ, ಅಷ್ಟೇ. ಆದರೆ ಆ ಪುಟಗಳನ್ನು ಆಗಾಗ ತಿರುವಿ ಹಾಕುತ್ತ ಬಂದಂತೆ, ಒಂದೇ ಟೇಪು ಮತ್ತು ಒಂದೇ ತೂಕದ ಯಂತ್ರ ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ ಎಂಬುದೂ, ಹಿಂದುಮುಂದಿಲ್ಲದ ಒಂಟಿ ಅಳತೆ ಯಾವ ವಯಸ್ಸಿನಲ್ಲೂ ಹೆಚ್ಚೇನನ್ನೂ ತಿಳಿಸುವುದಿಲ್ಲ ಎಂಬುದೂ ನನಗೆ ಮನದಟ್ಟಾಗಿದೆ.

ಮಗಳಿಗೆ ಏಳು ತಿಂಗಳಾಗಿದ್ದಾಗಿನ ಪುಟದಲ್ಲಿ 7.6 ಕಿಲೋ ಎಂದಿದೆ. ಅದಾದ ಹದಿನೈದು ದಿನಕ್ಕೆ 7.3 ಕಿಲೋ. ಆ ಮುನ್ನೂರು ಗ್ರಾಮ್ ಎರಡು ರಾತ್ರಿ ನಮ್ಮ ನಿದ್ದೆ ಕೆಡಿಸಿತು. ಜ್ವರವಿಲ್ಲ, ಭೇದಿಯಿಲ್ಲ, ಹಾಲು ಕುಡಿಯುವುದರಲ್ಲಿ ವ್ಯತ್ಯಾಸವಿಲ್ಲ, ಆದರೂ ತೂಕ ಇಳಿದಿದೆ. ಕೊನೆಗೆ ತಿಳಿದದ್ದು ಇಷ್ಟು: ಮೊದಲ ಸಲ ಒಂದು ಕ್ಲಿನಿಕ್ಕಿನಲ್ಲಿ ದಪ್ಪ ಬಟ್ಟೆ ಮತ್ತು ನೆನೆದ ಡೈಪರ್ ಸಹಿತ, ಹೊಟ್ಟೆ ತುಂಬ ಹಾಲು ಕುಡಿದ ಮೇಲೆ ತೂಗಿದ್ದರು, ಎರಡನೆಯ ಸಲ ಇನ್ನೊಂದು ಕಡೆ, ಇನ್ನೊಂದು ಯಂತ್ರದಲ್ಲಿ, ಬರಿಮೈಯಲ್ಲಿ, ಹಸಿದಿದ್ದಾಗ ತೂಗಿದ್ದರು. ಆ ವಯಸ್ಸಿನ ಮಗು ತಿಂಗಳಿಗೆ ಸುಮಾರು 300 ಗ್ರಾಮ್ ಏರುತ್ತದೆ, ಅಂದರೆ ಹದಿನೈದು ದಿನಕ್ಕೆ 150 ಗ್ರಾಮ್. ನಾವು ಹುಡುಕುತ್ತಿದ್ದ ಬದಲಾವಣೆಗಿಂತ ತೂಗುವಾಗಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಯಾವ ಯಂತ್ರ, ಯಾವ ಹೊತ್ತು, ಏನು ತೊಟ್ಟಿದ್ದಳು ಎಂಬ ಟಿಪ್ಪಣಿಯೂ ಇರುತ್ತದೆ.

ಎತ್ತರದ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ಎರಡು ವರ್ಷ ತುಂಬುವವರೆಗೆ ಮಗುವನ್ನು ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆಯನ್ನು ಹಿಡಿದು, ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ ಉದ್ದವನ್ನು ಅಳೆಯುತ್ತಾರೆ. ಆಮೇಲೆ ನಿಲ್ಲಿಸಿ ಎತ್ತರವನ್ನು ಅಳೆಯುತ್ತಾರೆ. ಅದೇ ಮಗು ಮಲಗಿದಾಗ ನಿಂತದ್ದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಉದ್ದವಿರುತ್ತದೆಯಾದ್ದರಿಂದ, ಈ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯದವರಿಗೆ ಎರಡನೆಯ ಹುಟ್ಟುಹಬ್ಬದ ಹೊತ್ತಿಗೆ ಮಗು ಇದ್ದಕ್ಕಿದ್ದಂತೆ ಬೆಳೆಯುವುದನ್ನು ನಿಲ್ಲಿಸಿದಂತೆ ಕಾಣುತ್ತದೆ. ನಿಲ್ಲಿಸಿ ಅಳೆಯುವಾಗ ಹಿಮ್ಮಡಿ, ಪೃಷ್ಠ, ಬೆನ್ನು ಮತ್ತು ತಲೆಯ ಹಿಂಭಾಗ ಗೋಡೆಗೆ ತಾಗಿರಬೇಕು, ಕಿವಿಯ ರಂಧ್ರ ಮತ್ತು ಕಣ್ಣಿನ ಕೆಳ ಅಂಚು ಒಂದೇ ಮಟ್ಟದಲ್ಲಿರಬೇಕು. ಬೆನ್ನುಮೂಳೆಯ ನಡುವಿನ ಮೆತ್ತನೆಯ ಡಿಸ್ಕುಗಳು ಹಗಲಿಡೀ ಮೈಭಾರಕ್ಕೆ ಕುಗ್ಗುವುದರಿಂದ, ಯಾರೇ ಆಗಲಿ ಬೆಳಗಿಗಿಂತ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಗಿರುತ್ತಾರೆ.

ಒಂದೇ ಮಗುವನ್ನು ಹುಟ್ಟಿನಿಂದ ಯೌವನದವರೆಗೆ ಅಳೆಯುತ್ತ ಹೋದ ಮೊದಲ ಪ್ರಸಿದ್ಧ ದಾಖಲೆಯೂ ಒಬ್ಬ ತಂದೆಯದೇ. ಫ್ರಾನ್ಸಿನ ಫಿಲಿಬರ್ ಗೆನೊ ದ ಮಾಂಬೆಯಾರ್ 1759ರಿಂದ 1777ರವರೆಗೆ ಸುಮಾರು ಆರು ತಿಂಗಳಿಗೊಮ್ಮೆ ತನ್ನ ಮಗನ ಎತ್ತರವನ್ನು ಬರೆದಿಟ್ಟ. ಅದನ್ನು ಅವನ ಸ್ನೇಹಿತ, ಪ್ರಕೃತಿವಿಜ್ಞಾನಿ ಬುಫಾನ್ ಪ್ರಕಟಿಸಿದ. ಆ ಪಟ್ಟಿಯಲ್ಲಿ ಎತ್ತರವನ್ನು ನೋಡುವುದರ ಬದಲು ಒಂದು ವರ್ಷಕ್ಕೂ ಮುಂದಿನ ವರ್ಷಕ್ಕೂ ಇರುವ ಅಂತರವನ್ನು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ, ಮತ್ತು ಆ ಚಿತ್ರ ಎಲ್ಲ ಮಕ್ಕಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷ ಅದರ ಅರ್ಧದಷ್ಟು, ನಾಲ್ಕರ ನಂತರ ವರ್ಷಕ್ಕೆ ಐದಾರು ಸೆಂಟಿಮೀಟರ್. ಹೀಗೆ ಬೆಳವಣಿಗೆಯ ವೇಗ ಇಳಿಯುತ್ತಲೇ ಹೋಗಿ, ಹರೆಯದಲ್ಲಿ ಒಮ್ಮೆ ಮೇಲಕ್ಕೆ ಚಿಮ್ಮಿ, ಆಮೇಲೆ ನಿಂತುಬಿಡುತ್ತದೆ. ಹೀಗಾಗಿ ವೈದ್ಯರು ‘ಎಷ್ಟು ಎತ್ತರ ಇದ್ದಾಳೆ’ ಎಂಬುದಕ್ಕಿಂತ ‘ಹೋದ ವರ್ಷದಿಂದ ಎಷ್ಟು ಬೆಳೆದಳು’ ಎಂಬುದನ್ನು ಹೆಚ್ಚು ಕೇಳುತ್ತಾರೆ. ಗಿಡ್ಡ ತಂದೆತಾಯಿಯ ಗಿಡ್ಡ ಮಗು ವರ್ಷಕ್ಕೆ ಆರು ಸೆಂಟಿಮೀಟರ್ ಬೆಳೆಯುತ್ತಿದ್ದರೆ ಅದರ ಪಾಡಿಗೆ ಅದು ಚೆನ್ನಾಗಿದೆ. ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಿದ್ದ ಮಗು ಎರಡು ವರ್ಷದಲ್ಲಿ ಮೂರೇ ಸೆಂಟಿಮೀಟರ್ ಬೆಳೆದಿದ್ದರೆ ಅದನ್ನು ಪರೀಕ್ಷಿಸಬೇಕು.

ಹೋಲಿಕೆಗೆ ವಯಸ್ಸಿಗೆ ತಕ್ಕ ಅಳತೆಗಳನ್ನು ಗೆರೆಗಳಲ್ಲಿ ತೋರಿಸುವ ಒಂದು ಬೆಳವಣಿಗೆಯ ನಕ್ಷೆ ಬೇಕಲ್ಲ, ಅದರ ಕಥೆಯೂ ಸ್ವಾರಸ್ಯಕರವಾಗಿದೆ. ಬಹುಕಾಲ ಜಗತ್ತಿನ ಹಲವೆಡೆ ಬಳಕೆಯಲ್ಲಿದ್ದ ಅಮೆರಿಕದ ನಕ್ಷೆಯಲ್ಲಿ ಕೂಸುಗಳ ಭಾಗ ಬಹುಮಟ್ಟಿಗೆ ಬಾಟಲಿ ಹಾಲು ಕುಡಿದ ಮಕ್ಕಳ ಅಳತೆಗಳಿಂದ ಮಾಡಿದ್ದಾಗಿತ್ತು. ಎದೆಹಾಲಿನ ಮಕ್ಕಳು ಮೊದಲ ಕೆಲವು ತಿಂಗಳು ಚುರುಕಾಗಿ ಬೆಳೆದು ಆಮೇಲೆ ಸ್ವಲ್ಪ ನಿಧಾನವಾಗುವುದು ಸಹಜವಾಗಿದ್ದರೂ, ಆ ನಕ್ಷೆಯ ಮೇಲಿಟ್ಟಾಗ ಅವರು ಹಿಂದೆ ಬೀಳುತ್ತಿರುವಂತೆ ಕಾಣುತ್ತಿತ್ತು. ಹಾಲು ಸಾಲುತ್ತಿಲ್ಲ ಎಂಬ ಮಾತನ್ನು ಎಷ್ಟು ತಾಯಂದಿರು ಸುಮ್ಮನೆ ಕೇಳಿಸಿಕೊಂಡಿದ್ದಾರೋ! ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳಲ್ಲಿ ಎದೆಹಾಲು ಕುಡಿದ, ಧೂಮಪಾನ ಮಾಡದ ತಾಯಂದಿರ, ಆರೋಗ್ಯಕರ ಪರಿಸರದಲ್ಲಿ ಬೆಳೆದ ಸುಮಾರು 8,500 ಮಕ್ಕಳನ್ನು ಅಳೆದು, ಐದು ವರ್ಷದವರೆಗಿನ ಹೊಸ ಮಾನದಂಡಗಳನ್ನು 2006ರಲ್ಲಿ ಹೊರತಂದಿತು. ಹಳೆಯ ನಕ್ಷೆ ಮಕ್ಕಳು ಹೇಗೆ ಬೆಳೆದರೆಂದು ತಿಳಿಸುತ್ತಿತ್ತು, ಹೊಸದು ಹೇಗೆ ಬೆಳೆಯಬೇಕೆಂದು ತಿಳಿಸುತ್ತದೆ. ಇಷ್ಟು ದೂರದೂರದ ದೇಶಗಳ ಮಕ್ಕಳೂ ಅನುಕೂಲ ಸಿಕ್ಕಾಗ ಐದು ವರ್ಷದವರೆಗೆ ಬಹುಮಟ್ಟಿಗೆ ಒಂದೇ ರೀತಿ ಉದ್ದಕ್ಕೆ ಬೆಳೆಯುತ್ತಾರೆ ಎಂಬುದು ಆ ಅಧ್ಯಯನದ ದೊಡ್ಡ ಫಲಿತಾಂಶ ಎಂದು ನನ್ನ ಎಣಿಕೆ.

ಈ ನಕ್ಷೆಯ ಪರ್ಸೆಂಟೈಲ್ ಗೆರೆಗಳನ್ನು ನಾವು ಪರೀಕ್ಷೆಯ ಅಂಕಗಳಂತೆ ಓದುವುದು ನನಗೆ ಸದಾ ಕಿರಿಕಿರಿಯ ಸಂಗತಿ. ಹದಿನೈದನೆಯ ಪರ್ಸೆಂಟೈಲ್ ಎಂದರೆ ಅದೇ ವಯಸ್ಸಿನ ನೂರು ಆರೋಗ್ಯವಂತ ಮಕ್ಕಳಲ್ಲಿ ಹದಿನೈದು ಮಂದಿ ಇದಕ್ಕಿಂತ ಕಡಿಮೆ ಇದ್ದಾರೆ ಎಂದಷ್ಟೇ ಅರ್ಥ. ನೂರಕ್ಕೆ ಹದಿನೈದು ಬಂದು ಫೇಲಾದಂತೆ ಅಲ್ಲ. ಮಗು ತನ್ನ ಗೆರೆಯ ಜೊತೆಜೊತೆಗೇ ಸಾಗುತ್ತಿದ್ದರೆ ಆತಂಕಕ್ಕೆ ಎಡೆ ಕಡಿಮೆ, ಒಂದೊಂದೇ ಗೆರೆಯನ್ನು ದಾಟಿ ಕೆಳಗಿಳಿಯುತ್ತಿದ್ದರೆ ಕಾರಣ ಹುಡುಕಬೇಕು. ಮಧ್ಯದ ಗೆರೆಯಿಂದ ಎರಡು ಪ್ರಮಾಣಿತ ವಿಚಲನೆಗಿಂತ (ಅಳತೆಗಳು ಮಧ್ಯದಿಂದ ಎಷ್ಟು ಚದುರಿವೆ ಎಂಬುದರ ಮಾನ) ಕೆಳಗೆ ಹೋದಾಗ ಮಾತ್ರ ಹೆಸರಿಟ್ಟು ಕರೆಯುತ್ತಾರೆ: ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಅದು ದೀರ್ಘಕಾಲದ ಕೊರತೆಯ ಗುರುತು, ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಇತ್ತೀಚಿನ ಹಸಿವು ಅಥವಾ ಕಾಯಿಲೆಯ ಗುರುತು. ಆರು ತಿಂಗಳಿಂದ ಐದು ವರ್ಷದವರೆಗೆ ತೋಳಿನ ಸುತ್ತಳತೆ ಹೆಚ್ಚು ಬದಲಾಗದಿರುವುದರಿಂದ, ತಕ್ಕಡಿಯೇ ಇಲ್ಲದ ಕಡೆಯೂ ಒಂದು ಬಣ್ಣದ ಪಟ್ಟಿ ಸಾಕು. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ.

ಹರೆಯದಲ್ಲಿ ವಯಸ್ಸನ್ನು ವರ್ಷದಲ್ಲಿ ಎಣಿಸುವುದೇ ದಾರಿ ತಪ್ಪಿಸುತ್ತದೆ. ಹುಡುಗಿಯರ ಬೆಳವಣಿಗೆಯ ವೇಗ ಸರಾಸರಿ ಹನ್ನೆರಡರ ಹೊತ್ತಿಗೆ, ಹುಡುಗರದು ಹದಿನಾಲ್ಕರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, ಆದರೆ ಒಬ್ಬೊಬ್ಬರಲ್ಲಿ ಒಂದೆರಡು ವರ್ಷ ಹಿಂದುಮುಂದಾಗುವುದು ಸಾಮಾನ್ಯ. ಒಂದೇ ಬೆಂಚಿನಲ್ಲಿ ಕೂತ ಹದಿಮೂರರ ಇಬ್ಬರು ಹುಡುಗರಲ್ಲಿ ಒಬ್ಬನ ಜಿಗಿತ ಮುಗಿಯುತ್ತ ಬಂದಿದ್ದು ಇನ್ನೊಬ್ಬನದು ಶುರುವೇ ಆಗಿಲ್ಲದಿರಬಹುದು.

ಬಾಲ್ಯದ ಅಳತೆಗಳು ಬಾಲ್ಯದೊಂದಿಗೇ ಮುಗಿಯುವುದಿಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ಪ್ರತಿ ಕೂಸಿನ ಹುಟ್ಟುತೂಕವನ್ನೂ ಒಂದು ವರ್ಷದ ತೂಕವನ್ನೂ ದಪ್ಪ ರಿಜಿಸ್ಟರುಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಆ ಮಕ್ಕಳು ಮುಂದೆ ಯಾವ ಕಾಯಿಲೆಯಿಂದ ಸತ್ತರೆಂದು ಹುಡುಕಿ, ಹುಟ್ಟಿನಲ್ಲೂ ಒಂದು ವರ್ಷದಲ್ಲೂ ತೂಕ ತೀರ ಕಡಿಮೆಯಿದ್ದ ಗಂಡಸರಲ್ಲಿ ಹೃದ್ರೋಗದ ಸಾವು ಹೆಚ್ಚಿತ್ತೆಂದು 1989ರಲ್ಲಿ ಪ್ರಕಟಿಸಿದರು. ಬರೆದವರಿಗೆ ಅದು ಇಂಥದ್ದಕ್ಕೆ ಒದಗೀತೆಂದು ಕನಸಿನಲ್ಲೂ ಹೊಳೆದಿರಲಾರದು.

ಬೆಳೆದವರ ಪಾಲಿಗೆ ಅಳತೆ ಎಂದರೆ ಬಹುತೇಕ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಒಂದೇ ಆಗಿಹೋಗಿದೆ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರವನ್ನು 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಗುರುತಿಸಿದ್ದು ಬೊಜ್ಜನ್ನು ಪತ್ತೆಹಚ್ಚಲೆಂದಲ್ಲ. ಖಗೋಳ ಮತ್ತು ಸಂಖ್ಯಾಶಾಸ್ತ್ರಗಳ ಆ ಪಂಡಿತನಿಗೆ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆಂಬ ಕುತೂಹಲವಿತ್ತು. ಇಂದಿನ ಹೆಸರನ್ನು ಇಟ್ಟವರು ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು, 1972ರಲ್ಲಿ. 18.5ಕ್ಕಿಂತ ಕಡಿಮೆಯಾದರೆ ತೂಕ ಸಾಲದು, 25 ಅಥವಾ ಹೆಚ್ಚಾದರೆ ತೂಕ ಹೆಚ್ಚು, 30 ಅಥವಾ ಹೆಚ್ಚಾದರೆ ಬೊಜ್ಜು ಎಂಬ ಗಡಿಗಳು ದೊಡ್ಡ ಜನಸಮೂಹಗಳನ್ನು ಹೋಲಿಸಲು ಅನುಕೂಲ, ಆದರೆ ಈ ಸೂತ್ರಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಗೊತ್ತಿಲ್ಲ, ಕೊಬ್ಬು ಎಲ್ಲಿ ಕೂತಿದೆ ಎಂಬುದಂತೂ ಗೊತ್ತೇ ಇಲ್ಲ. ಏಷ್ಯಾದ ಜನರಲ್ಲಿ ಕಡಿಮೆ ಬಿಎಂಐಯಲ್ಲೇ ಮಧುಮೇಹದ ಅಪಾಯ ಏರುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಅವರಿಗೆ 23ರಿಂದಲೇ ಎಚ್ಚರ ವಹಿಸಬೇಕೆಂದು ಸೂಚಿಸಿದರು.

ಹಾಗಾಗಿ ನಡುವಯಸ್ಸಿನವರು ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ಬರೆದಿಡುವುದು ಒಳ್ಳೆಯದು. ಪ್ಯಾಂಟಿನ ಸೈಜು ಸೊಂಟದ ಸುತ್ತಳತೆಯಲ್ಲ ಎಂದು ಮನೆಯ ಗಂಡಸರಿಗೆ ಎಷ್ಟು ಹೇಳಿದರೂ ಸಾಲದು, ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಅದರ ಕೆಳಗೆ ಜಾರಿ ಹಳೆಯ ಸೈಜಿನಲ್ಲೇ ಉಳಿಯುತ್ತದೆ. ಕೊನೆಯ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ, ಟೇಪನ್ನು ಬಿಗಿಯದೆ ಅಳೆಯಬೇಕು. ಆ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬ ಲೆಕ್ಕ ಗಂಡಸರಿಗೂ ಹೆಂಗಸರಿಗೂ ಒಂದೇ ರೀತಿ ಅನ್ವಯಿಸುತ್ತದೆ, ನೆನಪಿಡಲೂ ಸುಲಭ. ಗರ್ಭಿಣಿಯರಿಗೆ ಮಾತ್ರ ಇವ್ಯಾವುವೂ ಸಲ್ಲುವುದಿಲ್ಲ; ಅವರಲ್ಲಿ ಗರ್ಭಕೋಶದ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದರೆ ಸುಮಾರು ಇಪ್ಪತ್ತನೆಯ ವಾರದಿಂದ ಅದು ಹೆಚ್ಚುಕಡಿಮೆ ವಾರಗಳ ಸಂಖ್ಯೆಗೆ ಹೊಂದುತ್ತದೆ.

ಈಗ ಪುಸ್ತಕದ ಹಿಂಬದಿ. ಅಮ್ಮನ ಹಳೆಯ ವೈದ್ಯಕೀಯ ಚೀಟಿಯೊಂದರಲ್ಲಿ ಎತ್ತರ 156 ಸೆಂಟಿಮೀಟರ್ ಎಂದಿತ್ತು. ನಾನು ಮೊದಲ ಸಲ ಅಳೆದಾಗ ಬಂದದ್ದು 151. ‘ಏನೇ, ಬಟ್ಟೆ ಹೊಲಿಸೋಕೆ ಅಳೀತಿದ್ದೀಯಾ?’ ಎಂದು ನಕ್ಕರು. ವಯಸ್ಸಾದಂತೆ ಎಲ್ಲರೂ ಸ್ವಲ್ಪ ಕುಗ್ಗುತ್ತಾರಾದರೂ, ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಿದ್ದರೆ ಬೆನ್ನುಮೂಳೆಯ ಮಣಿಗಳು ಸದ್ದಿಲ್ಲದೆ ಕುಸಿದಿರಬಹುದು, ಮೂಳೆಯ ಸಾಂದ್ರತೆಯನ್ನು ಪರೀಕ್ಷಿಸಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. 52 ಕಿಲೋ ತೂಕದ ಅಮ್ಮನ ಬಿಎಂಐ ಹಳೆಯ ಎತ್ತರದಲ್ಲಿ 21.4 ಆಗುತ್ತದೆ, ಹೊಸ ಎತ್ತರದಲ್ಲಿ 22.8, ಒಂದು ಗ್ರಾಮ್ ಏರದೆಯೇ ದಪ್ಪಗಾದಂತೆ ಲೆಕ್ಕ ಬರುತ್ತದೆ. ಅದಕ್ಕಾಗಿ ಬೆನ್ನು ಬಾಗಿದವರಲ್ಲಿ ಎರಡೂ ಕೈಗಳನ್ನು ಅಗಲಿಸಿ ಬೆರಳತುದಿಯಿಂದ ಬೆರಳತುದಿಯವರೆಗೆ ಅಳೆಯುತ್ತಾರೆ. ಕೈಮೂಳೆಗಳು ಬೆನ್ನಿನಂತೆ ಕುಸಿಯುವುದಿಲ್ಲವಾದ್ದರಿಂದ ಅದು ಯೌವನದ ಎತ್ತರವನ್ನು ಸ್ಥೂಲವಾಗಿ ಉಳಿಸಿಕೊಂಡಿರುತ್ತದೆ. ಹಗ್ಗವನ್ನೂ ಬಾವಿಯ ಆಳವನ್ನೂ ಅಳೆಯುತ್ತಿದ್ದ ನಮ್ಮ ‘ಮಾರು’ ಇದೇ ಅಲ್ಲವೇ! ಅಮ್ಮನ ಮಾರು 155 ಸೆಂಟಿಮೀಟರ್ ಬಂತು.

ವಯಸ್ಸಾದವರ ತೂಕದಲ್ಲಿ ನಾನು ಈಗ ಇಳಿಕೆಯನ್ನೇ ಹೆಚ್ಚು ಹೆದರಿಕೆಯಿಂದ ನೋಡುತ್ತೇನೆ. ಪ್ರಯತ್ನಪಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇಕಡ 5ರಷ್ಟು, ಅಂದರೆ ಅಮ್ಮನ ಲೆಕ್ಕದಲ್ಲಿ ಎರಡೂವರೆ ಕಿಲೋ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಬಟ್ಟೆ ಸಡಿಲವಾಯಿತೆಂದು ಸಂತೋಷಪಡುವ ವಯಸ್ಸು ಅದಲ್ಲ. ತೂಕ ಹಾಗೆಯೇ ಇದ್ದು ಒಳಗೊಳಗೇ ಸ್ನಾಯು ಕರಗುವುದೂ ಉಂಟು, ಅದನ್ನು ಹಿಡಿಯಲು ಕಾಲಿನ ಮೀನಖಂಡವನ್ನು ಅದರ ಅತ್ಯಂತ ದಪ್ಪನೆಯ ಭಾಗದಲ್ಲಿ ಅಳೆಯುತ್ತಾರೆ. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಸೂಚಿಸಿದಂತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಸ್ನಾಯುಬಲವನ್ನು ಪರೀಕ್ಷಿಸಬೇಕು. ಅಮ್ಮನದು ಮೂರು ತಿಂಗಳ ಹಿಂದೆ 31 ಇತ್ತು. ಊಟದಲ್ಲಿ ಪ್ರೊಟೀನ್ ಹೆಚ್ಚಿಸಿ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ದಿನಕ್ಕೆರಡು ಸಲ ಮಾಡಿಸಲು ವೈದ್ಯರು ಹೇಳಿದ್ದರು.

ಮೊನ್ನೆ ಭಾನುವಾರ ಮತ್ತೆ ಅಳೆದೆ, 31.5 ಬಂತು. ಅರ್ಧ ಸೆಂಟಿಮೀಟರ್ ಏರಿದ್ದು ಸ್ನಾಯುವೋ ಕಾಲಿನಲ್ಲಿ ತುಂಬಿದ ನೀರೋ ಎಂದು ತಿಳಿಯಲು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಗುಳಿ ಬೀಳಲಿಲ್ಲ. ಟೇಪನ್ನು ತೆಗೆದು ಇನ್ನೊಮ್ಮೆ ಸುತ್ತಿ ನೋಡಿದೆ, 31.4. ಎರಡರ ಸರಾಸರಿಯನ್ನು ಬರೆದು, ಪಕ್ಕದಲ್ಲಿ ‘ಬೆಳಿಗ್ಗೆ ಏಳೂವರೆ, ಬಲಗಾಲು, ಕೂತಿದ್ದಾಗ, ಊತವಿಲ್ಲ’ ಎಂದು ಸೇರಿಸಿದೆ.