ಹಿಟ್ಟಿನ ಧೂಳು

ಅಕ್ಟೋಬರ್ 15, 2022, ಶನಿವಾರ
ಮಿನಿಯಾಪೊಲಿಸ್, ರಾತ್ರಿ ಹನ್ನೊಂದು

ಆಫೀಸಿನ ಕೆಲಸ ನಿನ್ನೆಗೇ ಮುಗಿದಿತ್ತು. ನಾಳೆ ಮಧ್ಯಾಹ್ನ ವಿಮಾನ. ಜೊತೆಗೆ ಬಂದವರೆಲ್ಲ ಮಾಲ್ ಆಫ್ ಅಮೆರಿಕಾಕ್ಕೆ ಹೊರಟರು, ನಾನು ಬರಲ್ಲ ಅಂದೆ. ಅಂಗಡಿ ಸುತ್ತುವ ಮನಸ್ಸಿರಲಿಲ್ಲ. ಗುರುವಾರ ಅತ್ತಿಗೆ ಕಳಿಸಿದ್ದ ಮೆಸೇಜು ತಲೆಯೊಳಗೆ ಕೂತುಬಿಟ್ಟಿತ್ತು: ‘ಮಾವಂಗೆ ಮತ್ತೆ ಕೆಮ್ಮು. ನಿಂಗೆ ಹೇಳ್ಬೇಡ ಅಂದವ್ರೆ. ಆದ್ರೂ ಹೇಳ್ತಿದೀನಿ.’ ಇಂಥದ್ದು ಓದಿದ ಮೇಲೆ ನನಗೆ ಒಂದೇ ಕಡೆ ಕೂರಲಾಗುವುದಿಲ್ಲ. ನಡೆಯಬೇಕು.

ಈ ಊರಿನಲ್ಲಿ ನಡೆಯುವುದಕ್ಕೆ ಎರಡು ದಾರಿ. ಒಂದು ನೆಲದ ಮೇಲೆ, ಇನ್ನೊಂದು ನೆಲದಿಂದ ಒಂದು ಮಹಡಿ ಮೇಲೆ. ಮೇಲಿನದಕ್ಕೆ ಸ್ಕೈವೇ ಅಂತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ರಸ್ತೆಯ ಮೇಲೆ ಹಾದುಹೋಗುವ ಗಾಜಿನ ಸೇತುವೆಗಳು. ಮೊದಲನೆಯದನ್ನು ಕಟ್ಟಿದ್ದು 1962ರಲ್ಲಿ. ಅದಕ್ಕೆ ಆರು ವರ್ಷ ಮುಂಚೆ ಪಕ್ಕದ ಎಡೈನಾದಲ್ಲಿ ಪೂರ್ತಿ ಮುಚ್ಚಿದ ಸೌತ್‌ಡೇಲ್ ಮಾಲ್ ತೆರೆದಿತ್ತು, ಗಿರಾಕಿಗಳು ಅತ್ತ ಹೋಗಿಬಿಡುತ್ತಾರೆಂಬ ಭಯ ಊರೊಳಗಿನ ವ್ಯಾಪಾರಿಗಳಿಗೆ. ಈಗ ಎಲ್ಲ ಸೇರಿ ಸುಮಾರು ಹದಿನೈದು ಕಿಲೋಮೀಟರ್ ಆಗುತ್ತದಂತೆ. ಚಳಿಗಾಲದಲ್ಲಿ ಕೋಟು ಹಾಕದೆಯೇ ಮನೆಯಿಂದ ಆಫೀಸು, ಬ್ಯಾಂಕು, ಊಟ, ಎಲ್ಲ ಮುಗಿಸಿ ಬರುವ ಜನ ಇದ್ದಾರೆ.

ಆದರೆ ಇವತ್ತು ಶನಿವಾರ. ಬಹುಪಾಲು ಅಂಗಡಿಗಳ ಶಟರ್ ಎಳೆದಿತ್ತು. ಅಷ್ಟುದ್ದದ ಕಾರ್ಪೆಟ್ ಹಾಸಿನ ಮೇಲೆ ನಾನೊಬ್ಬಳೇ. ಮೂರು ಸೇತುವೆ ದಾಟುವುದರೊಳಗೆ ದಿಕ್ಕು ತಪ್ಪಿತು. ಒಬ್ಬ ಗಾರ್ಡ್ ಸಿಕ್ಕರು, ಸೊಮಾಲಿಯಾದವರು, ಅಪ್ಪನ ವಯಸ್ಸಿಗೆ ಹತ್ತಿರ. ಹೊಳೆ ಎಲ್ಲಿ ಅಂತ ಕೇಳಿದೆ. ಕೆಳಗಿಳಿದು ಹೋಗಮ್ಮಾ, ಇಲ್ಲಿಂದ ಹೊಳೆ ಕಾಣಲ್ಲ ಅಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲೇ. ಆದರೂ ನನಗೆ ‘ಅಮ್ಮಾ’ ಅಂದ ಹಾಗೇ ಕೇಳಿಸಿತು.

ಇಳಿದೆ. ನಿಕೊಲೆಟ್ ಮಾಲ್ ಅನ್ನೋ ಬೀದಿಯಲ್ಲಿ ಕಾರು ಇಲ್ಲ, ಬಸ್ಸು ಮತ್ತು ಕಾಲ್ನಡಿಗೆಯವರು ಮಾತ್ರ. ಪಕ್ಕದಲ್ಲಿ ಫೋಶೆ ಟವರ್. ಮೂವತ್ತೆರಡು ಅಂತಸ್ತು, ಮೇಲೆ ಹೋದಂತೆ ಸಣ್ಣಗಾಗುವ ಕಟ್ಟಡ. 1929ರಲ್ಲಿ ಅದರ ಉದ್ಘಾಟನೆಗೆ ಫೋಶೆ ಸಾಹೇಬರು ಸೂಸಾ ಎಂಬ ಹೆಸರಾಂತ ಬ್ಯಾಂಡ್ ಮಾಸ್ತರರಿಂದ ಹೊಸ ಮಾರ್ಚ್ ಬರೆಸಿದರಂತೆ. ಸಂಭಾವನೆಯ ಚೆಕ್ಕು ಬೌನ್ಸ್ ಆಯಿತು. ಆ ವರ್ಷದ ಕೊನೆಗೆ ಷೇರು ಕುಸಿದು ಅವರ ಕಂಪನಿಯೂ ಮುಳುಗಿತು, ಆಮೇಲೆ ಮೋಸದ ಕೇಸಿನಲ್ಲಿ ಜೈಲಿಗೂ ಹೋದರು. ಅಪ್ಪನಿಗೆ ಹೇಳಬೇಕು ಅಂದುಕೊಂಡೆ. ಅವನಿಗೆ ಇಂಥ ಕಥೆ ಇಷ್ಟ. ಆದರೆ ರಾತ್ರಿ ಫೋನಿನಲ್ಲಿ ಈ ಕಥೆ ನೆನಪಿಗೇ ಬರಲಿಲ್ಲ, ಮಾತು ಬೇರೆ ಕಡೆಗೇ ಹೋಯಿತು.

ಊರಿನ ಹೆಸರಲ್ಲೇ ನೀರಿದೆ. ಡಕೋಟಾ ಜನರ ಮಾತಿನಲ್ಲಿ ‘ಮ್ನಿ’ ಅಂದರೆ ನೀರು. ಅದಕ್ಕೆ ಗ್ರೀಕರ ‘ಪೊಲಿಸ್’, ಅಂದರೆ ಊರು, ಸೇರಿಸಿದ್ದಾರೆ. ಇಪ್ಪತ್ತು ನಿಮಿಷ ನಡೆದರೆ ಮಿಸಿಸಿಪ್ಪಿ. ಗಾಳಿ ಕಿವಿ ಕೊಯ್ಯುತ್ತಿತ್ತು. ಹೊಳೆಗೆ ಮುಂಚೆ ಒಂದು ಸುಟ್ಟ ಗೋಡೆ ಕಂಡಿತು. ಅದರಾಚೆ ಎತ್ತರದಲ್ಲಿ, ಕಟ್ಟಡದ ನೆತ್ತಿಯ ಮೇಲೆ, ದೊಡ್ಡ ಅಕ್ಷರಗಳಲ್ಲಿ ‘ಗೋಲ್ಡ್ ಮೆಡಲ್ ಫ್ಲೋರ್’.

ಫ್ಲೋರ್. ಹಿಟ್ಟು.

ಅಲ್ಲಿಂದ ಮುಂದೆ ನಾನು ಹೊಳೆಗೆ ಹೋಗಲಿಲ್ಲ, ಒಳಗೆ ಹೋದೆ.

ಅದು ವಾಷ್‌ಬರ್ನ್ ಎ ಮಿಲ್. 1965ರವರೆಗೆ ಹಿಟ್ಟು ಬೀಸಿದ್ದು. 1991ರಲ್ಲಿ ಬೆಂಕಿ ಬಿದ್ದು ಅರ್ಧ ಹೋಯಿತು. ಸುಟ್ಟ ಗೋಡೆಗಳನ್ನು ಹಾಗೇ ನಿಲ್ಲಿಸಿ, ಅವುಗಳ ನಡುವೆಯೇ 2003ರಲ್ಲಿ ಮಿಲ್ ಸಿಟಿ ಮ್ಯೂಸಿಯಂ ಮಾಡಿದ್ದಾರೆ. ಸರಕು ಸಾಗಿಸುವಂಥ ದೊಡ್ಡ ಲಿಫ್ಟಿನಲ್ಲಿ ಬೆಂಚು ಹಾಕಿ ಕೂರಿಸುತ್ತಾರೆ, ಒಂದೊಂದು ಮಹಡಿಯಲ್ಲೂ ಬಾಗಿಲು ತೆರೆಯುತ್ತದೆ. ಕತ್ತಲೆ, ಆಮೇಲೆ ಬೆಳಕು, ಅಲುಗುವ ಯಂತ್ರಗಳು, ಇಲ್ಲೇ ದುಡಿದಿದ್ದ ಮುದುಕರ ದನಿ. ಒಳ್ಳೆಯ ಕಾಲದಲ್ಲಿ ಇಲ್ಲಿ ಒಂದು ದಿನಕ್ಕೆ 1 ಕೋಟಿ 20 ಲಕ್ಷ ಬ್ರೆಡ್ಡಿಗಾಗುವಷ್ಟು ಹಿಟ್ಟಾಗುತ್ತಿತ್ತಂತೆ. ಬಾಣಾವರದ ನಮ್ಮ ಹಿಟ್ಟಿನ ಮಿಷನ್‌ನಲ್ಲಿ ಸಂತೆ ದಿನ ಹತ್ತು ಕ್ವಿಂಟಲ್ ರಾಗಿ ಬೀಸಿದರೆ ಅಪ್ಪ ಸಾಯಂಕಾಲ ಕಾರ ಬೂಂದಿ ತರುತ್ತಿದ್ದ.

ಲಿಫ್ಟು ನಡುಗಿತಲ್ಲ, ಆ ನಡುಕ ನನ್ನ ಪಾದಕ್ಕೆ ಗೊತ್ತಿತ್ತು. ಮಿಷನ್ ಓಡುವಾಗ ಪಕ್ಕದ ನಮ್ಮ ಮನೆಯ ಗಾರೆ ನೆಲ ಹೀಗೇ ಅದುರುತ್ತಿತ್ತು. ಅದರ ಮೇಲೆ ಬೋರಲು ಮಲಗಿ ಮಗ್ಗಿ ಬರೆದವಳು ನಾನು. ಬೆಲ್ಟು ಕಳಚಿದರೆ ಸದ್ದು ನಿಂತು ನನಗೆ ಎಚ್ಚರವಾಗುತ್ತಿತ್ತು. ಸದ್ದಿದ್ದರೆ ನಿದ್ದೆ.

ಬಾಗಿಲ ಹತ್ತಿರದ ಕಲ್ಲಿನ ಮೇಲೆ ಹೆಸರುಗಳಿವೆ. 1878ರ ಮೇ 2, ಸಂಜೆ. ಹಗಲು ಪಾಳಿಯವರು ಮನೆಗೆ ಹೋಗಿ ರಾತ್ರಿ ಪಾಳಿಯವರು ಬಂದಿದ್ದಾರೆ. ಆಗ ಇದು ನಾಲ್ಕು ವರ್ಷದ ಹೊಸ ಮಿಲ್ಲು. ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಧೂಳಿಗೆ ಕಿಡಿ ತಾಗಿ ಮಿಲ್ಲು ಸಿಡಿಯಿತು. ಒಳಗಿದ್ದ ಹದಿನಾಲ್ಕು ಜನ, ಅಕ್ಕಪಕ್ಕದ ಮಿಲ್ಲುಗಳಲ್ಲಿ ನಾಲ್ವರು, ಒಟ್ಟು ಹದಿನೆಂಟು. ಕಲ್ಲಿನ ಮೇಲೆ ಕಲ್ಲು ಉಳಿಯಲಿಲ್ಲ ಅಂತ ಆ ಕಲ್ಲಿನಲ್ಲೇ ಕೆತ್ತಿದ್ದಾರೆ. ಹಿಟ್ಟು ಹೀಗೆ ಸಿಡಿಯುತ್ತದೆ ಎಂದರೆ ಜನ ನಂಬಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ಪ್ರಯೋಗ ಮಾಡಿ ತೋರಿಸಬೇಕಾಯಿತು.

ಎಷ್ಟು ಹೊತ್ತು ನಿಂತೆನೋ. ಪಕ್ಕದ ಕೋಣೆಯಿಂದ ಬ್ರೆಡ್ಡು ಬೇಯುವ ವಾಸನೆ ಬರುತ್ತಿತ್ತು.

ಆಮೇಲೆ ಕಲ್ಲಿನ ಕಮಾನು ಸೇತುವೆಯ ಮೇಲೆ ನಡೆದೆ. ಜೇಮ್ಸ್ ಹಿಲ್ ಎಂಬಾತ ರೈಲಿಗೆಂದು 1883ರಲ್ಲಿ ಕಟ್ಟಿಸಿದ್ದು, ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ. ಸೇತುವೆ ಬಾಗಿ ಹೋಗುತ್ತದೆ, ನಡುವೆ ನಿಂತರೆ ಜಲಪಾತ ಎದುರಿಗೆ. ಜಲಪಾತ ಅಂತ ಹೇಳಬೇಕು, ಅಷ್ಟೇ. ಮಿಲ್ಲುಗಳಿಗೆ ನೀರು ಬೇಕೆಂದು ಬಂಡೆಯ ಕೆಳಗೆ ಸುರಂಗ ಕೊರೆಯಲು ಹೋಗಿ 1869ರಲ್ಲಿ ಅದು ಕುಸಿಯಿತು. ಜಲಪಾತವೇ ಕೊಚ್ಚಿಹೋಗುವ ಹಾಗಾದಾಗ ಮೇಲೆ ಇಳಿಜಾರಾಗಿ ಹೊದಿಕೆ ಹಾಕಿದರು. ಈಗ ನೀರು ಕಾಂಕ್ರೀಟಿನ ಮೇಲೆ ಜಾರುತ್ತದೆ. ಡಕೋಟಾ ಜನ ಇದನ್ನು ಒವಾಮ್ನಿಯೊಮ್ನಿ ಅಂತಿದ್ದರು, ಸುಳಿ ತಿರುಗುವ ನೀರು. ಆ ಹೆಸರಿನ ನೀರನ್ನು ನಾನು ನೋಡಲಿಲ್ಲ. ನನಗೆ ಅಲ್ಲಿ ತುಂಬ ಬೇಜಾರಾಯಿತು, ಇಷ್ಟು ದೂರದ ಹೊಳೆಗಾಗಿ ಯಾಕೆ ಬೇಜಾರೋ ತಿಳಿಯದು.

ವಾಪಸು ಬರುವಾಗ ರಸ್ತೆಯ ಬದಿಗೆ ಹದಿಮೂರು ಕಂಬಗಳು. 2007ರ ಆಗಸ್ಟ್ 1ರ ಸಂಜೆ ಆರು ಗಂಟೆಗೆ ಇಲ್ಲಿಯ ಹೆದ್ದಾರಿ ಸೇತುವೆ ಕುಸಿದು ಸತ್ತವರಿಗಾಗಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಕಂಬ. ಒಂದೇ ದಿನ ಎರಡು ಕಡೆ ಸತ್ತವರ ಹೆಸರು ಓದಿದ ಹಾಗಾಯಿತು. ಬೇಗ ಬೇಗ ನಡೆದು ರೂಮಿಗೆ ಬಂದೆ.

ಒಂಬತ್ತಕ್ಕೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಅಪ್ಪ ಜಗಲಿಯ ಮೇಲಿದ್ದ, ಹಿಂದೆ ಪುಟ್ಟ ಏನೋ ಕೂಗುತ್ತಿದ್ದ.

‘ಉಂಡ್ಯಾ ಮಗ?’

‘ಆಯ್ತಪ್ಪ.’

‘ಏನುಂಡೆ?’

‘ಬ್ರೆಡ್ಡು, ಸೂಪು.’

‘ಅದು ಊಟ್ವಾ?’

ಕೆಮ್ಮಿನ ಮಾತು ಎತ್ತಬೇಕು. ಎತ್ತಿದರೆ ಅತ್ತಿಗೆ ಹೇಳಿದ್ದು ಗೊತ್ತಾಗುತ್ತದೆ. ಅದಕ್ಕೇ ಬೇರೆ ಕಡೆಯಿಂದ ಶುರು ಮಾಡಿದೆ.

‘ಅಪ್ಪ, ಇವತ್ತು ಇಲ್ಲೊಂದು ಹಿಟ್ಟಿನ ಮಿಷನ್ ನೋಡ್ದೆ.’

ಒಂದು ಕ್ಷಣ ಮಾತಿಲ್ಲ. ಆಮೇಲೆ ದನಿಯೇ ಬದಲಾಯಿತು. ‘ಎಷ್ಟು ಎಚ್‌ಪಿ ಮೋಟ್ರು?’

‘ಮೋಟ್ರಲ್ಲಪ್ಪ. ಮೊದ್ಲು ಹೊಳೆ ನೀರಲ್ಲೇ ಓಡ್ತಿತ್ತಂತೆ. ಕಾಲುವೇಲಿ ತಂದು ಒಳಗೆ ಬೀಳಿಸೋರು.’

‘ಹಂಗಾರೆ ಕರೆಂಟ್ ಬಿಲ್ಲಿಲ್ಲ.’ ಅದನ್ನು ಅವನು ಎಷ್ಟು ಆಸೆಯಿಂದ ಹೇಳಿದನೆಂದರೆ, ಬಿಲ್ಲು ಕಟ್ಟಲಾಗದೆ ಎರಡು ಸಲ ಫ್ಯೂಸು ಕಿತ್ತುಕೊಂಡು ಹೋಗಿದ್ದು ನನಗೆ ನೆನಪಾಯಿತು. ‘ಕಲ್ಲಾ, ರೋಲರ್ರಾ?’

‘ಮೊದ್ಲು ಕಲ್ಲು. ಆಮೇಲೆ ಉಕ್ಕಿನ ರೋಲರ್ ಹಾಕುದ್ರು. ಕಲ್ಲಿದ್ದಾಗ ಒಂದಿನ ಇಡೀ ಮಿಲ್ಲು ಸಿಡಿದು ಹೋಯ್ತಂತಪ್ಪ. ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿ.’

ಅವನಿಗೆ ಆಶ್ಚರ್ಯವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

‘ಯಾರಾದ್ರೂ ಬೀಡಿ ಹಚ್ಚುದ್ರಾ?’

‘ಇಲ್ಲ. ಕಾಳು ಮುಗುದು, ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರೈತೆ ಅಂತಾರೆ.’

‘ಹೂಂ,’ ಅಂದ ಅಪ್ಪ. ‘ಕಲ್ಲು ಬರಿದಾಗಿ ತಿರುಗ್ಬಾರ್ದು.’

ನನ್ನ ಮೈ ಜುಂ ಅಂತು. ಎಷ್ಟು ಸಲ ಕೇಳಿದ ಮಾತು ಅದು! ‘ಕಲ್ಲು ಬರಿದಾಗಿ ತಿರುಗ್ತೈತೆ, ನೋಡ್ರೋ!’ ಅಂತ ಊಟದ ಎಲೆ ಬಿಟ್ಟು ಎದ್ದು ಓಡುತ್ತಿದ್ದ. ಕಲ್ಲು ಸವೆಯುತ್ತದೆ ಅಂತ ಓಡುತ್ತಾನೆ ಎಂದೇ ನಾವು ತಿಳಿದಿದ್ದೆವು. ಉಳಿ ಹಿಡಿದು ಕಲ್ಲು ಕುಟ್ಟುವವನಿಗೆ ಕೂಲಿ ಕೊಡಬೇಕಲ್ಲ, ಅದಕ್ಕೆ ಅಂತ. ಒಂದು ಸಲ ಬೀಡಿ ಹಚ್ಚಿಕೊಂಡು ಒಳಗೆ ಬಂದ ಗೌಡರನ್ನು, ಅವರಿಗೆ ಸಾಲ ಕೊಡಬೇಕಿದ್ದಾಗಲೂ, ರಟ್ಟೆ ಹಿಡಿದು ಆಚೆ ಕಳಿಸಿದ್ದ. ಆ ರಾತ್ರಿ ಅಮ್ಮ ಎಷ್ಟು ಅತ್ತಳು. ಅಪ್ಪ ಏಳನೇ ಕ್ಲಾಸು. ಅವನಿಗೆ ಯಾರು ಹೇಳಿಕೊಟ್ಟಿದ್ದು?

ಕೇಳಿದೆ.

‘ಯಾರು ಹೇಳಬೇಕು? ಬಿಸಿಯಾದ್ರೆ ವಾಸ್ನೆ ಬರ್ತದೆ. ಹಿಟ್ಟು ಹೊತ್ತೋ ವಾಸ್ನೆ. ಮೂಗಿಗೆ ಗೊತ್ತಾಯ್ತದೆ.’ ಆಮೇಲೆ ಕೇಳಿದ, ‘ಎಷ್ಟು ಜನ ಹೋದ್ರು?’

‘ಹದಿನೆಂಟು.’

‘ಅವ್ರ ಮಕ್ಕಳು?’

ಅದು ನನಗೆ ಹೊಳೆದಿರಲೇ ಇಲ್ಲ. ಮಿಲ್ಲಿನ ಯಜಮಾನ ವಾಷ್‌ಬರ್ನ್ ಸಾಯುವಾಗ ಅನಾಥ ಮಕ್ಕಳ ಮನೆಗೆಂದು ಹಣ ಬರೆದಿಟ್ಟ ಅನ್ನುವುದನ್ನು ಈಗ, ಫೋನಿಟ್ಟ ಮೇಲೆ ಓದಿದೆ. ಆಗ ‘ಗೊತ್ತಿಲ್ಲಪ್ಪ’ ಅಂದೆ.

‘ಆಮೇಲಾದ್ರೂ ಧೂಳಿಗೆ ಏನಾದ್ರೂ ಮಾಡುದ್ರಾ?’

‘ಮಾಡುದ್ರು. ಧೂಳು ಎಳ್ಕೊಳೋ ಯಂತ್ರ ಹಾಕುದ್ರು. ಎಲ್ಲಾ ಮಿಲ್ಲಿಗೂ ಬಂತು.’

‘ಒಳ್ಳೇದು ಬಿಡು,’ ಅಂದ. ಅಷ್ಟರಲ್ಲಿ ಕೆಮ್ಮು ಬಂತು. ಫೋನನ್ನು ದೂರ ಹಿಡಿದ, ಕೈಯಿಂದ ಮುಚ್ಚಿದ, ಆದರೂ ಕೇಳಿಸಿತು. ಒಣ ಕೆಮ್ಮು, ಬಿಟ್ಟು ಬಿಟ್ಟು, ತಳದಿಂದ. ಎಣಿಸಬಾರದೆಂದರೂ ಎಣಿಸಿದೆ. ಹನ್ನೊಂದು.

‘ಅಪ್ಪ, ಎಷ್ಟು ದಿನದಿಂದ?’

‘ಥಂಡಿ ಕಣಮ್ಮ. ಮಳೆ ಹಿಡ್ಕಂಡೈತಲ್ಲ ಇಲ್ಲಿ.’

‘ಮೂವತ್ನಾಲ್ಕು ವರ್ಷ ಆ ಧೂಳು ಕುಡಿದಿದೀಯ. ಥಂಡಿ ಅನ್ಬೇಡ.’ ನನ್ನ ದನಿ ಏರಿತ್ತು.

‘ಅದು ಹಿಟ್ಟು ಮಗ. ವಿಷ ಅಲ್ಲ. ಊಟ ಅಲ್ವಾ ಅದು?’

ಇದನ್ನೇ ಅವನು ಯಾವಾಗಲೂ ಹೇಳಿದ್ದು. ಹುಬ್ಬು ಬೆಳ್ಳಗೆ, ರೆಪ್ಪೆ ಬೆಳ್ಳಗೆ, ಕಿವಿಯೊಳಗೆಲ್ಲ ಹಿಟ್ಟು. ಮುಖಕ್ಕೆ ಒಂದು ಟವಲ್ಲು, ಅದೇ ರಕ್ಷೆ. ಸಾಯಂಕಾಲ ಬಚ್ಚಲಿನಲ್ಲಿ ಅವನ ತಲೆಗೆ ನೀರು ಹುಯ್ದರೆ ಮೊದಲ ಚೊಂಬು ಅಂಬಲಿಯ ಹಾಗೆ ಇಳಿಯುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೆ ನಾನು ಅವನ ಸೈಕಲ್ಲಿನಲ್ಲಿ ಕೂರುವುದನ್ನು ಬಿಟ್ಟೆ, ಯೂನಿಫಾರ್ಮಿಗೆ ಹಿಟ್ಟು ಅಂಟುತ್ತದೆ ಅಂತ. ಅವನು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಸೈಕಲ್ ತಳ್ಳಿಕೊಂಡು, ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದ, ಬಸ್‌ಸ್ಟಾಂಡಿನವರೆಗೂ. ಇದನ್ನು ನಾನು ಇದುವರೆಗೆ ಎಲ್ಲೂ ಬರೆದಿಲ್ಲ.

ಪ್ಯಾಕೆಟ್ ಹಿಟ್ಟು ಬಂದು ಮಿಷನ್ ಮುಚ್ಚಿ ಎಂಟು ವರ್ಷವಾಯಿತು. ಕಲ್ಲುಗಳು ಹಿತ್ತಲಲ್ಲಿವೆ, ಒಂದರ ಮೇಲೆ ಅತ್ತಿಗೆ ಬಟ್ಟೆ ಒಗೆಯುತ್ತಾರೆ. ಧೂಳು ಮಾತ್ರ ಹೋಗಿಲ್ಲ ಅನ್ನಿಸುತ್ತದೆ ನನಗೆ, ಅವನೊಳಗೇ ಇದೆ. ಇವರಿಗೆ ಹದಿನೆಂಟು ಜೀವ ಹೋದ ಮೇಲಾದರೂ ಯಂತ್ರ ಬಂತು. ನಮ್ಮೂರ ಕಡೆ ಎಷ್ಟು ಮಿಷನ್‌ಗಳಿದ್ದವು, ಎಷ್ಟು ಜನ ಹೀಗೇ ಬಿಟ್ಟು ಬಿಟ್ಟು ಕೆಮ್ಮುತ್ತ...

‘ಹಾಸನಕ್ಕೆ ಹೋಗಿ ಎಕ್ಸ್‌ರೇ ತೆಗ್ಸು ಅಪ್ಪ. ಅಣ್ಣಂಗೆ ಹೇಳ್ತೀನಿ.’

‘ದೀಪಾವಳಿ ಕಳೀಲಿ.’

‘ದೀಪಾವಳಿಗಿನ್ನೂ ಒಂಬತ್ತು ದಿನ ಐತೆ.’

‘ನೀನು ಬತ್ತೀಯಲ್ಲ, ಆಗ ನೋಡಾಣ.’ ಆಮೇಲೆ, ನಾನು ಮರೆತೇಹೋಗಿದ್ದನ್ನು ಕೇಳಿದ: ‘ಅಲ್ಲಿ ಹಿಟ್ಟು ಮುಟ್ಟಿ ನೋಡುದ್ಯಾ? ನುಣ್ಣಗಿತ್ತಾ?’

ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಚಿಟಿಕೆ ಹಿಡಿದು ಉಜ್ಜಿ ನೋಡುತ್ತಿದ್ದನಲ್ಲ, ಹಾಗೆ. ಮುಟ್ಟಿರಲಿಲ್ಲ. ‘ನುಣ್ಣಗಿತ್ತಪ್ಪ’ ಅಂದೆ.

ಈಗ ಹನ್ನೊಂದು ದಾಟಿತು. ಕೆಳಗೆ ಬೀದಿಯಲ್ಲಿ ಬಸ್ಸೊಂದು ಖಾಲಿ ಹೋಯಿತು. ನಾಳೆ ಮಧ್ಯಾಹ್ನ ವಿಮಾನ, ಮಂಗಳವಾರ ನಸುಕಿಗೆ ಬೆಂಗಳೂರು. ಬುಧವಾರ ಆಫೀಸಿಗೆ ರಜೆ ಹೇಳಿ, ಮನೆಗೆ ಹೋಗದೆ ಏರ್‌ಪೋರ್ಟಿನಿಂದಲೇ ಯಶವಂತಪುರಕ್ಕೆ ಹೋಗಿ ರೈಲು ಹತ್ತಿದರೆ, ಅಣ್ಣ ಅರಸೀಕೆರೆಗೆ ಕಾರು ತಂದರೆ, ಅಪ್ಪನನ್ನು ಹಾಗೇ ಕೂರಿಸಿಕೊಂಡು ಹಾಸನಕ್ಕೆ