ಎಣ್ಣೆ ಬಿಟ್ಟರೂ ಲಿವರ್‌ನಲ್ಲಿ ಕೊಬ್ಬು ಏಕೆ?

"ಎಣ್ಣೆ, ತುಪ್ಪ ಕಡಿಮೆ ಮಾಡಿದ್ದೇನೆ, ಕುಡಿಯುವ ಅಭ್ಯಾಸವೂ ಇಲ್ಲ, ಆದರೂ ಸ್ಕ್ಯಾನಿಂಗ್ ವರದಿಯಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ. ನನ್ನ ಜೀನ್‌ಗಳೇ ಸರಿಯಿಲ್ಲವೇ?" ಯಕೃತ್ತಿನ ಜೀನ್‌ಗಳ ಬಗ್ಗೆ ಓದಿ ಬರೆಯುವ ನನಗೆ ಬಂಧುಗಳೂ ಪರಿಚಿತರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಹೆಚ್ಚಿನವರಲ್ಲಿ ಜೀನ್‌ಗಳು ಇದ್ದ ಹಾಗೆಯೇ ಇರುತ್ತವೆ, ಆಹಾರಕ್ಕೆ ತಕ್ಕಂತೆ ಅವುಗಳಲ್ಲಿ ಯಾವುದು ಎಷ್ಟು ಚುರುಕಾಗಿದೆ ಎಂಬುದು ಬದಲಾಗಿರುತ್ತದೆ ಎಂದು ನಾನು ಹೇಳುತ್ತೇನೆ.

ಇದಕ್ಕೆ ನೇರವಾದ ಪುರಾವೆ ಸಿಗುವುದು ಪ್ರಯೋಗಾಲಯದ ಇಲಿಗಳಲ್ಲಿ. ಸಿ57ಬಿಎಲ್/6 ತಳಿಯ ಇಲಿಗಳ ಆನುವಂಶಿಕ ರಚನೆ ಬಹುತೇಕ ಒಂದೇ. ಕೆಲವಕ್ಕೆ ಮಾಮೂಲಿ ಆಹಾರವನ್ನೂ ಉಳಿದವಕ್ಕೆ ಶೇ 60ರಷ್ಟು ಕ್ಯಾಲೊರಿ ಕೊಬ್ಬಿನಿಂದಲೇ ಬರುವ ಆಹಾರವನ್ನೂ ಕೆಲವು ತಿಂಗಳು ಕೊಟ್ಟು ಯಕೃತ್ತಿನ ಆರ್‌ಎನ್‌ಎಯನ್ನು, ಅಂದರೆ ಚುರುಕಾಗಿರುವ ಜೀನ್‌ಗಳಿಂದ ತಯಾರಾಗುವ ನಕಲುಗಳನ್ನು, ಅಳೆದರೆ, ನೂರಾರು ಜೀನ್‌ಗಳ ಅಭಿವ್ಯಕ್ತಿಯಲ್ಲಿ (ಚುರುಕಿನಲ್ಲಿ) ವ್ಯತ್ಯಾಸ ಕಾಣುತ್ತದೆ. ಕೊಬ್ಬಿನಾಮ್ಲವನ್ನು ಜೀವಕೋಶದೊಳಕ್ಕೆ ಸೆಳೆಯುವ ಸಿಡಿ36, ಕೊಬ್ಬಿನ ಹನಿಗಳನ್ನು ಒಂದರೊಳಗೊಂದು ಸೇರಿಸಿ ದೊಡ್ಡದಾಗಿಸುವ ಸಿಡೆಕ್ ಮುಂತಾದವು ಏರಿರುತ್ತವೆ.

ಇನ್ನು ಎಣ್ಣೆ ಬಿಟ್ಟವರ ವಿಷಯ. ಅನ್ನ, ಸಕ್ಕರೆ ಹೆಚ್ಚಾದಾಗ ಏರುವ ಇನ್ಸುಲಿನ್ ಎಸ್‌ಆರ್‌ಇಬಿಪಿ-1ಸಿ ಎಂಬ ನಿಯಂತ್ರಕವನ್ನೂ, ಗ್ಲೂಕೋಸ್ ತಾನೇ ಸಿಎಚ್‌ಆರ್‌ಇಬಿಪಿ ಎಂಬ ಇನ್ನೊಂದನ್ನೂ ಚುರುಕುಗೊಳಿಸುತ್ತದೆ. ಇವೆರಡೂ ಸೇರಿ ಕೊಬ್ಬು ತಯಾರಿಸುವ ಕಿಣ್ವಗಳ ಜೀನ್‌ಗಳನ್ನು ಏರಿಸುತ್ತವೆ. ಅಮೆರಿಕದ ಸಂಶೋಧಕರು ಒಂಬತ್ತು ಫ್ಯಾಟಿ ಲಿವರ್ ರೋಗಿಗಳ ಯಕೃತ್ತಿನ ಕೊಬ್ಬಿನ ಮೂಲವನ್ನು ಐಸೊಟೋಪುಗಳ (ಗುರುತಿಸಬಲ್ಲ ವಿಶೇಷ ಪರಮಾಣುಗಳ) ಸಹಾಯದಿಂದ ಪತ್ತೆಹಚ್ಚಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಕೊಬ್ಬಿನ ನೇರ ಪಾಲು ಸುಮಾರು ಶೇ 15 ಮಾತ್ರ. ಶೇ 26ರಷ್ಟನ್ನು ಯಕೃತ್ತು ತಾನೇ ತಯಾರಿಸಿತ್ತು. ಶೇ 59ರಷ್ಟು ರಕ್ತದಲ್ಲಿ ಹರಿಯುವ ಕೊಬ್ಬಿನಾಮ್ಲಗಳಿಂದ, ಅಂದರೆ ಬಹುಮಟ್ಟಿಗೆ ಮೈಯಲ್ಲಿ ಆಗಲೇ ಶೇಖರವಾಗಿದ್ದ ಕೊಬ್ಬಿನಿಂದ, ಬಂದಿತ್ತು. ರೋಗಿಗಳ ಸಂಖ್ಯೆ ಚಿಕ್ಕದೆಂಬುದು ನಿಜ. ಆದರೂ ಇಷ್ಟು ಸ್ಪಷ್ಟವಾಗಿ ಲೆಕ್ಕ ಕೊಟ್ಟ ಅಧ್ಯಯನಗಳು ವಿರಳವೆಂದೇ ನನ್ನ ಅಭಿಪ್ರಾಯ.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಸ್ಥಿತಿ) ಬಂದ ಯಕೃತ್ತು ಇನ್ಸುಲಿನ್ ಮಾತನ್ನು ಪೂರ್ತಿ ಧಿಕ್ಕರಿಸುವುದಿಲ್ಲ. ಗ್ಲೂಕೋಸ್ ತಯಾರಿಸುವ ಪಿಸಿಕೆ1, ಜಿ6ಪಿಸಿ ಜೀನ್‌ಗಳನ್ನು ತಗ್ಗಿಸಬೇಕೆಂಬ ಸೂಚನೆಗೆ ಮಾತ್ರ ಕಿವಿಗೊಡದೆ, ಕೊಬ್ಬು ತಯಾರಿಸಬೇಕೆಂಬ ಸೂಚನೆಯನ್ನು ಎಂದಿನಂತೆ ಪಾಲಿಸುತ್ತದೆ. ಅಮೆರಿಕದ ವಿಜ್ಞಾನಿಗಳಾದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ 2008ರಲ್ಲಿ ಈ ವಿರೋಧಾಭಾಸದತ್ತ ಗಮನ ಸೆಳೆದರು. ಸಕ್ಕರೆ ಕಾಯಿಲೆಯೂ ಫ್ಯಾಟಿ ಲಿವರ್ರೂ ಒಬ್ಬರಲ್ಲೇ ಜೊತೆಯಾಗಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ.

ಹುಟ್ಟಿನಿಂದ ಬರುವ ವ್ಯತ್ಯಾಸಗಳ ಪಾತ್ರ ಇಲ್ಲವೆಂದಲ್ಲ. ಪಿಎನ್‌ಪಿಎಲ್‌ಎ3 ಜೀನ್‌ನ ಒಂದು ರೂಪ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು 2008ರಿಂದ ತಿಳಿದಿದೆ. ಅದನ್ನು ಹೊತ್ತವರಲ್ಲೂ ತೂಕ ಹೆಚ್ಚಿದಷ್ಟೂ ಅದರ ಪರಿಣಾಮ ಹೆಚ್ಚು.

ಬೊಜ್ಜು ಇರುವವರು ದೇಹದ ತೂಕದಲ್ಲಿ ಶೇ 5ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, ಉರಿಯೂತ ತಗ್ಗಲು ಶೇ 7ರಿಂದ 10ರಷ್ಟು ಇಳಿಯಬೇಕಾಗುತ್ತದೆ. ಕೊಲಾಜೆನ್ ಎಂಬ ನಾರಿನಂಥ ಪ್ರೊಟೀನಿನ ಜೀನ್‌ಗಳು ಏರಿ ಯಕೃತ್ತು ನಾರುಗಟ್ಟತೊಡಗಿದ್ದರೆ ಚೇತರಿಕೆ ನಿಧಾನ. ಆದ್ದರಿಂದ ಕೇಳಿದವರಿಗೆಲ್ಲ ನಾರುಗಟ್ಟುವಿಕೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ವಿಚಾರಿಸಿ, ಎಣ್ಣೆಯ ಜೊತೆಗೆ ಅನ್ನ, ಸಕ್ಕರೆಯ ಲೆಕ್ಕವನ್ನೂ ಇಡಿ ಎನ್ನುತ್ತೇನೆ.