ಬೆರಳ ತುದಿಯ ಕೆಂಪು ಚುಕ್ಕೆ

ಹುಬ್ಬಳ್ಳಿಯಲ್ಲಿ ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ ‘ಕರೆಂಟಿನ ಲೆಕ್ಕ’ ಅಂದು ಮುಗಿಸುತ್ತೇನೆ. ಬಿಡಿಸಿ ಹೇಳಿದರೆ ಮುಂದಿನ ಪ್ರಶ್ನೆ ಗೊತ್ತೇ ಇದೆ: “ನಮ್ಮ ಮನಿ ಮುಂದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಐತ್ರಿ, ಏನಾರ ಆಗತೈತೇನು?” 50 ಹರ್ಟ್ಸ್ ಕಾಂತಕ್ಷೇತ್ರ ಮೈಯನ್ನು ಹಾಯ್ದಾಗ ಒಳಗೆ ಎಲ್ಲಿ ಎಷ್ಟು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ.

ಇದಕ್ಕೆ ಒಬ್ಬ ಮನುಷ್ಯ ಬೇಕು. ನಮ್ಮವನು 2 ಮಿಲಿಮೀಟರ್ ಘನಗಳಿಂದ ಕಟ್ಟಿದವನು, ಸುಮಾರು 90 ಲಕ್ಷ ಘನ. ಸ್ನಾಯು, ಕೊಬ್ಬು, ಎಲುಬು, ಒಂದೊಂದಕ್ಕೂ ಬೇರೆ ವಾಹಕತೆ, ಅಂದರೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋ ಅಂಕಿ, ಕೊಡಬೇಕು.

ಸೇರಿದ ಮೊದಲ ವರ್ಷ. ಅವನನ್ನು 200 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿ ನಿಲ್ಲಿಸಿದೆ, ಎದೆಯಿಂದ ಬೆನ್ನಿನ ಕಡೆಗೆ. ಇಂಥ ಕ್ಷೇತ್ರಗಳಿಗೆ ಸುರಕ್ಷತಾ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿಯ 2010ರ ಮಾರ್ಗಸೂಚಿ ಜನಸಾಮಾನ್ಯರಿಗೆ ಇಟ್ಟಿರುವ ಮಟ್ಟ ಅದು. ಮೈಯೊಳಗಿನ ಮಿತಿ ಮೀಟರಿಗೆ 400 ಮಿಲಿವೋಲ್ಟ್. ತಲೆಯೊಳಗಿನ ನರಮಂಡಲಕ್ಕೆ ಮಾತ್ರ 20. ರಾತ್ರಿಯಿಡೀ ಓಡಿತು. ನಡುವೆ ಕರೆಂಟ್ ಹೋದರೂ ಯುಪಿಎಸ್ ಕೈಬಿಡಲಿಲ್ಲ. ಬೆಳಗ್ಗೆ ನೋಡಿದರೆ ಬೆರಳ ತುದಿಯಲ್ಲಿ ಕಡುಗೆಂಪು ಚುಕ್ಕೆ. ಮೀಟರಿಗೆ 780 ಮಿಲಿವೋಲ್ಟ್!

ಮಾರ್ಗಸೂಚಿಯೇ ತಪ್ಪಿರಬೇಕು ಅಂತ ಒಳಗೊಳಗೇ ಖುಷಿ. ಮೇಲ್ ಬರೆದೂ ಆಗಿತ್ತು. ಕಳಿಸುವ ಮುಂಚೆ ಸರ್‌ಗೆ ತೋರಿಸಿದೆ. ಅವರು ಅಂಕಿ ನೋಡಲೇ ಇಲ್ಲ.

“ಇಂವನ ಕೈ ತೊಡಿಗೆ ಹತ್ತೈತೇನ ನೋಡಪಾ ಮೊದ್ಲ.”

ಹತ್ತಿತ್ತು. ಒಂದೇ ಒಂದು ಘನದ ಅಂತರವೂ ಇರಲಿಲ್ಲ.

ಸರ್ ರದ್ದಿ ಹಾಳೆ ಎಳೆದುಕೊಂಡರು. ಭುಜ, ತೋಳು, ಬೆರಳು, ತೊಡೆ, ಮತ್ತೆ ಸೊಂಟ: ಒಂದು ಸುತ್ತು. ಅದರ ನಡುವಿನ ಜಾಗ ಸುಮಾರು 0.05 ಚದರ ಮೀಟರ್. ಎರಡು ಪೈ ಗುಣಿಸು 50, ಗುಣಿಸು ಕ್ಷೇತ್ರ, ಗುಣಿಸು ಜಾಗ. ಬಂದದ್ದು 3 ಮಿಲಿವೋಲ್ಟ್ ಚಿಲ್ಲರೆ. ಈ ಪುಟ್ಟ ವೋಲ್ಟೇಜು ಸುತ್ತಿಗೆಲ್ಲ ಹಂಚಿಹೋದರೆ ಗೋಳೇ ಇಲ್ಲ. ಆದರೆ ನಾನು ಚರ್ಮಕ್ಕೆ ಕೊಟ್ಟಿದ್ದು ಒಣ ಮೇಲ್ಪದರದ ವಾಹಕತೆ, ಮೀಟರಿಗೆ 0.0002 ಸೀಮೆನ್ಸ್. ಸ್ನಾಯುವಿನದು 0.2ರ ಮೇಲೆ. ಹಾಗಾಗಿ ಹೆಚ್ಚುಕಡಿಮೆ ಎಲ್ಲ ವೋಲ್ಟೇಜೂ ಬೆರಳಿನ ಒಂದು ಘನ, ತೊಡೆಯ ಒಂದು ಘನ, ಆ 4 ಮಿಲಿಮೀಟರ್ ಚರ್ಮದ ಮೇಲೇ ಬಿದ್ದಿತ್ತು. ಭಾಗಿಸಿ ನೋಡಿದರೆ ಅದೇ 780ರ ಆಸುಪಾಸು. ನನ್ನ ಒಂದು ರಾತ್ರಿಯ ಸಿಮ್ಯುಲೇಷನ್ ಅವರ ಹಾಳೆಯ ನಾಲ್ಕು ಸಾಲಿನಲ್ಲಿತ್ತು. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಪ್ರತಿ ಅಂಗಾಂಶದಲ್ಲೂ 99ನೇ ಪರ್ಸೆಂಟೈಲ್ ತೆಗೆದುಕೊಳ್ಳಿ, ಅಂದರೆ ಅತಿ ಹೆಚ್ಚು ಬಂದ ನೂರಕ್ಕೊಂದು ಪಾಲು ಘನ ಬಿಟ್ಟು ನೋಡಿ, ಅಂತ ಮಾರ್ಗಸೂಚಿಯೇ ಹೇಳುತ್ತದೆ. ಹಾಗೆ ಮಾಡಿದರೆ ಚುಕ್ಕೆ ಸುಮ್ನೆ ಮಾಯವಾಗುತ್ತಿತ್ತು. ಅದು ಕಸವನ್ನು ಚಾಪೆ ಕೆಳಗೆ ತಳ್ಳಿದ ಹಾಗೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಚುಕ್ಕೆ ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆ ತೆಗೆದರೆ ಬೇರೆ ಮಾತು, ಅಲ್ವಾ?

ಚರ್ಮಕ್ಕೆ 0.1 ಇಟ್ಟು ಓಡಿಸಿದೆ. ಕೆಂಪು ಇಳಿಯಿತು. ಆಮೇಲೆ ಎರಡು ಸಾಲು ಘನ ಕೆತ್ತಿ ಕೈಯನ್ನೇ ತೊಡೆಯಿಂದ ಬಿಡಿಸಿದೆ. ಬೆರಳು ಪೂರ್ತಿ ತಣ್ಣಗಾಯಿತು. ಮೂರೂ ಚಿತ್ರ ರಿಪೋರ್ಟಿಗೆ ಹಾಕಿ, ಬಲು ಹೆಮ್ಮೆಯಿಂದ ಸರ್ ಮುಂದಿಟ್ಟೆ.

ಅವರು ಚಿತ್ರವನ್ನು ಸ್ವಲ್ಪ ಕೆಳಗೆ ಸರಿಸಿದರು. “ಮತ್ತ ಎರಡೂ ತೊಡಿ ಒಂದಕ್ಕೊಂದು ಹತ್ಯಾವಲ್ಲೋ?”